ಡೋಲು ಎಲ್ಲರ ಮನೆಗೆ, ಪಹಣಿ ಯಾರ ಹೆಸರಿಗೆ?

2021ರ ಡಿಸೆಂಬರ್ 27ರ ರಾತ್ರಿ ಬ್ರಹ್ಮಾವರ ತಾಲೂಕಿನ ಕೋಟತಟ್ಟು ಗ್ರಾಮದ ಕೊರಗರ ಕಾಲನಿಯಲ್ಲಿ ಮೆಹಂದಿ ಇತ್ತು. ಈಗ ಕರಾವಳಿಯಲ್ಲಿ ಮೆಹಂದಿ ಇಲ್ಲದ ಮದುವೆಯಿಲ್ಲ, ಡಿಜೆ ಇಲ್ಲದ ಮೆಹಂದಿಯೂ ಅಪರೂಪ. ಶಬ್ದ ಜೋರಾಯಿತೆಂದು ದೂರು ಹೋಯಿತು, ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನೂ ಸೇರಿ ಹಲವರಿಗೆ ಪೆಟ್ಟಾಯಿತು. ಸುದ್ದಿ ಹಬ್ಬಿ ಜನ ಬೀದಿಗಿಳಿದ ಮೇಲೆ ಠಾಣೆಯ ಎಸ್‌ಐ ಅಮಾನತಾದರು. ಆದರೆ ಕೆಲವೇ ದಿನಗಳಲ್ಲಿ ಪೆಟ್ಟು ತಿಂದವರ ಮೇಲೆಯೇ, ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂಬ ಪ್ರಕರಣ ದಾಖಲಾಯಿತು. ಗೃಹ ಸಚಿವರು ಕಾಲನಿಗೆ ಬಂದು ಹೋದರು, ತನಿಖೆ ಸಿಐಡಿ ಕೈಗೆ ಹೋಯಿತು.

ಕುಂದಾಪುರ ಕಡೆಯವರಿಗೆ ಈ ಘಟನೆಯಲ್ಲಿ ಇರಿಯುವ ಸಂಗತಿ ಬೇರೆಯೇ ಇದೆ. ತಲೆತಲಾಂತರದಿಂದ ಊರಿನ ಜಾತ್ರೆ, ಕಂಬಳ, ಮಾರಿಹಬ್ಬಗಳಿಗೆ ಡೋಲು ಬಡಿದವರು ಕೊರಗರು. ಇಡೀ ರಾತ್ರಿ ಬಡಿದರೂ ಯಾರಿಗೂ ನಿದ್ದೆ ಕೆಟ್ಟದ್ದಿಲ್ಲ. ತಮ್ಮದೇ ಮನೆಯ ಮದುವೆಗೆ ಅವರು ಒಂದು ರಾತ್ರಿ ಹಾಡು ಹಾಕಿ ಕುಣಿದದ್ದು ಮಾತ್ರ ಗಲಾಟೆ ಎನಿಸಿಕೊಂಡಿತು.

ಕೋಟತಟ್ಟು ಶಿವರಾಮ ಕಾರಂತರ ಹುಟ್ಟೂರು ಕೋಟಕ್ಕೆ ಅಂಟಿಕೊಂಡ ಗ್ರಾಮ. ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದೂ ಅಲ್ಲೇ. 1933ರಲ್ಲಿ ಬಂದ ‘ಚೋಮನ ದುಡಿ’ಯ ಚೋಮ ಕೊರಗನಲ್ಲ, ಹೊಲೆಯ. ಅವನಿಗೆ ಬೇಕಾಗಿದ್ದದ್ದು ಒಂದು ತುಂಡು ಬೇಸಾಯದ ಭೂಮಿ, ಸಿಕ್ಕಿದ್ದು ದುಡಿ ಮಾತ್ರ. ಕಾದಂಬರಿಯನ್ನು ಶಾಲೆಯಲ್ಲಿ ಓದಿ, ಸಿನಿಮಾ ನೋಡಿ ಕಣ್ಣೊರೆಸಿಕೊಂಡ ನಾವು, ಅದೇ ಪ್ರಶ್ನೆ ನಮ್ಮ ತಾಲೂಕು ಕಚೇರಿಯ ಕಡತಗಳಲ್ಲಿ ಇಂದಿಗೂ ಇತ್ಯರ್ಥವಾಗದೆ ಬಿದ್ದಿರುವುದನ್ನು ನೋಡುವುದಿಲ್ಲ.

ಆದಿವಾಸಿಗಳ ಮಾನವ ಹಕ್ಕು ಎಂದರೆ ನಮಗೆ ಬಸ್ತರ್ ನೆನಪಾಗುತ್ತದೆ, ನಿಯಮಗಿರಿ ನೆನಪಾಗುತ್ತದೆ. ಹೆಚ್ಚೆಂದರೆ ನಾಗರಹೊಳೆಯ ಜೇನುಕುರುಬರು. ದೇಶದಲ್ಲಿ ‘ವಿಶೇಷ ದುರ್ಬಲ ಬುಡಕಟ್ಟು’ ಎಂದು ಗುರುತಿಸಿದ 75 ಸಮುದಾಯಗಳಿವೆ, ಅದರಲ್ಲಿ ಕರ್ನಾಟಕದವು ಎರಡೇ. ಒಂದು ಜೇನುಕುರುಬ, ಇನ್ನೊಂದು ಕೊರಗ. ಆ ಎರಡನೆಯವರು ಬೈಂದೂರು, ಕುಂದಾಪುರ, ಬ್ರಹ್ಮಾವರದ ಪೇಟೆಗಳ ಮಗ್ಗುಲಲ್ಲೇ, ರಾಷ್ಟ್ರೀಯ ಹೆದ್ದಾರಿಯಿಂದ ಕೂಗಳತೆಯ ಕಾಲನಿಗಳಲ್ಲಿ ಇದ್ದಾರೆ. ಇಷ್ಟು ಹತ್ತಿರ ಇದ್ದದ್ದಕ್ಕೇ ಕಾಣಿಸದೆ ಹೋದರೋ ಏನೋ.

ಅಂಕಿ ಒಂದೇ ಸಾಕು. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16,071 ಮಂದಿ. 2011ರಲ್ಲಿ 14,794. ಆ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಐದೂಕಾಲು ಕೋಟಿಯಿಂದ ಆರು ಕೋಟಿ ದಾಟಿತು. ಎಲ್ಲರೂ ಬೆಳೆಯುತ್ತಿರುವಾಗ ಒಂದು ಸಮುದಾಯ ಕರಗುತ್ತಿದೆ ಎಂದರೆ ಅದಕ್ಕೆ ಕ್ಷಯ, ರಕ್ತಹೀನತೆ, ಕುಡಿತ ಎಂದು ಕಾರಣ ಪಟ್ಟಿ ಮಾಡಬಹುದು. ಆರೋಗ್ಯ ಇಲಾಖೆಯವರು ಹಾಗೇ ಮಾಡುತ್ತಾರೆ. ಆ ಕಾರಣಗಳ ಹಿಂದಿರುವ ಕಾರಣಕ್ಕೆ ಅಜಲು ಎಂದು ಹೆಸರು.

ಅಜಲು ಎಂದರೇನು ಎಂಬುದನ್ನು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ, ಹಿರಿಯರಿಗೆ ಬೇಡ. ಒಂದೊಂದು ಊರಿನ ಮೇಲೆ ಒಂದೊಂದು ಕೊರಗ ಕುಟುಂಬಕ್ಕೆ ‘ಹಕ್ಕು’ ಇರುತ್ತಿತ್ತು. ಹಕ್ಕು ಎಂಬ ಮಾತನ್ನು ಇಷ್ಟು ಕ್ರೂರವಾಗಿ ಬಳಸಿದ ಉದಾಹರಣೆ ಇನ್ನೊಂದು ಸಿಗಲಾರದು. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ಹಬ್ಬಕ್ಕೆ ಡೋಲು ಬಡಿಯುವುದು, ಊಟ ಮುಗಿದ ಮೇಲೆ ಎಲೆಯ ಎಂಜಲು ಬಾಚಿಕೊಳ್ಳುವುದು, ಇವೆಲ್ಲ ಆ ‘ಹಕ್ಕಿನ’ ಬಾಬತ್ತು. ಮನೆಯಲ್ಲಿ ಗರ್ಭಿಣಿಗೋ ಕಾಯಿಲೆಯವರಿಗೋ ದೋಷ ಹಿಡಿದಿದೆ ಎಂದಾದರೆ ಅವರ ಕೂದಲು, ಉಗುರು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುತ್ತಿದ್ದರು, ದೋಷ ಅವರಿಗೆ ದಾಟಲಿ ಎಂದು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿಗೆ ಮೈಯೊಡ್ಡಿ ಡೋಲು ಬಡಿಯುತ್ತ ಕೂರಬೇಕಿತ್ತು. ಬೆಳಗಾದರೆ ಕೋಣಗಳಿಗಿಂತ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಗದ್ದೆಯಲ್ಲಿ ಗಾಜೋ ಮುಳ್ಳೋ ಇದ್ದರೆ ಬೆಲೆಬಾಳುವ ಕೋಣದ ಕಾಲಿಗೆ ಚುಚ್ಚಬಾರದಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಕೊರಗರ ವಿವರ ಇದೆ. ಸೊಪ್ಪು ಉಡುವ ಸೊಪ್ಪು ಕೊರಗರು, ಬಟ್ಟೆ ಉಡುವ ವಸ್ತ್ರ ಕೊರಗರು, ಮತ್ತೆ ಅಂಡೆ ಕೊರಗರು. ಕೊನೆಯವರ ಕತ್ತಿನಲ್ಲಿ ಒಂದು ಅಂಡೆ ನೇತಾಡುತ್ತಿರಬೇಕಿತ್ತು. ಅವರ ಉಗುಳು ದಾರಿಯ ಮೇಲೆ ಬಿದ್ದರೆ ದಾರಿ ಮೈಲಿಗೆಯಾಗುತ್ತದೆಂದು ಉಗುಳುವುದಕ್ಕೇ ಆ ಅಂಡೆ. ಇದೇ ಜನ ಒಂದು ಕಾಲದಲ್ಲಿ ಹುಬ್ಬಾಸಿಕನೆಂಬ ತಮ್ಮ ಅರಸನ ಕೆಳಗೆ ಈ ನಾಡನ್ನು ಆಳಿದರು, ಆಮೇಲೆ ಸೋತು ಕಾಡು ಸೇರಿದರು ಎಂಬ ಐತಿಹ್ಯವೂ ಇದೆ. ಐತಿಹ್ಯದಲ್ಲಿ ಇತಿಹಾಸ ಎಷ್ಟು ಎನ್ನುವುದನ್ನು ವಿದ್ವಾಂಸರಿಗೆ ಬಿಡೋಣ. ಸೋತವರನ್ನು ನಡೆಸಿಕೊಳ್ಳುವ ಬಗೆ ಮಾತ್ರ ಐತಿಹ್ಯವಲ್ಲ.

ಅಜಲಿನ ವಿರುದ್ಧ ರಾಜ್ಯ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು, ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ. ಅದರ ವ್ಯಾಖ್ಯೆಯನ್ನು ಒಮ್ಮೆ ಓದಬೇಕು. ಕೊರಗರಿಗೆ ಕೂಲಿ ಕೊಡದಿರುವುದು ಅಥವಾ ಕಡಿಮೆ ಕೊಡುವುದು, ಅವರನ್ನು ಕೀಳು ಮನುಷ್ಯರಂತೆ ಕಾಣುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಇವೆಲ್ಲ ಅಪರಾಧ ಎಂದು ಅಲ್ಲಿ ಬರೆದಿದೆ. ಹೊಸ ಸಹಸ್ರಮಾನ ಶುರುವಾದ ವರ್ಷ, ಒಂದು ವಿಧಾನಸಭೆ ಕೂತು ‘ಮನುಷ್ಯರನ್ನು ಕೋಣದಂತೆ ಓಡಿಸಬಾರದು’ ಎಂದು ಕಾನೂನು ಬರೆಯಬೇಕಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿ ಆಗ ಐವತ್ತು ವರ್ಷ ತುಂಬಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳ ಪಟ್ಟಿಯಲ್ಲಿ ಮೊದಲನೆಯದೇ ತಿನ್ನಬಾರದ್ದನ್ನು ತಿನ್ನಿಸುವುದು. ಅವೆರಡೂ ಸಾಲದೆ ಮೂರನೆಯದು ಬೇಕಾಯಿತು.

ಕಾಯ್ದೆ ಬಂದ ಮೇಲೆ ಉಗುರಿನ ಅನ್ನ ನಿಂತಿದೆ. ಎಂಜಲೆಲೆಯ ಸುತ್ತ ನಿಲ್ಲುವುದೂ ಬಹುಮಟ್ಟಿಗೆ ನಿಂತಿದೆ. ಅದಕ್ಕೆ ಕಾಯ್ದೆಗಿಂತ ಹೆಚ್ಚು ಕೊರಗ ಸಂಘಟನೆಗಳೇ ಕಾರಣ. ಇನ್ನು ಬಡಿಯುವುದಿಲ್ಲ, ಇನ್ನು ಬೇಡುವುದಿಲ್ಲ ಎಂದು ತಮ್ಮೊಳಗೇ ತೀರ್ಮಾನಿಸಿ, ಒಪ್ಪದ ಹಿರಿಯರನ್ನು ಒಪ್ಪಿಸಿ, ಊರ ಗುರಿಕಾರರು ಮುಖ ಮುರಿದದ್ದನ್ನು ಸಹಿಸಿದವರು ಅವರು. ಡೋಲಿನ ಪ್ರಶ್ನೆ ಮಾತ್ರ ಅಷ್ಟು ಸರಳವಲ್ಲ. ಡೋಲು ಬಿಟ್ಟರೆ ಕಲೆಯೂ ಹೋಗುತ್ತದೆ, ಹಿಡಿದರೆ ಅಜಲೂ ಜೊತೆಗೆ ಬರುತ್ತದೆ. ಹಿರಿಯಡ್ಕದ ಗುರುವ ಕೊರಗರ ಡೋಲಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿದೆ. ವೇದಿಕೆಯ ಮೇಲೆ, ಸಂಭಾವನೆ ಪಡೆದು, ಹೆಸರು ಹೇಳಿಸಿಕೊಂಡು ಬಡಿಯುವ ತಂಡಗಳು ಈಗ ಇವೆ. ‘ಕೊರಗರನ್ನು ಕರೆಸಿ’ ಎಂದು ಪದ್ಧತಿಯ ಹೆಸರಲ್ಲಿ ಹೇಳಿಕಳಿಸುವ ಊರುಗಳೂ ಇವೆ. ಎರಡರ ನಡುವಿನ ಗೆರೆ ಎಲ್ಲಿ ಎಂಬುದನ್ನು ಬಡಿಯುವವರೇ ನಿರ್ಧರಿಸಬೇಕು. ಕೇಳುತ್ತ ಕೂತವರು ಸಂಸ್ಕೃತಿ ಉಳಿಸಿ ಎಂದು ಉಪದೇಶ ಕೊಡುವುದು ಅಧಿಕಪ್ರಸಂಗ.

ಇಲ್ಲೇ ಒಂದು ಮಾತು. ಕೊರಗಜ್ಜನ ಸ್ಟಿಕ್ಕರ್ ಇಲ್ಲದ ಆಟೋ ಕರಾವಳಿಯಲ್ಲಿ ಹುಡುಕುವುದು ಕಷ್ಟ. ಕಳೆದ ವಸ್ತು ಸಿಗಲಿ ಎಂದು ಚಕ್ಕುಲಿ, ವೀಳ್ಯ ಹರಕೆ ಹೊರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕೊರಗತನಿಯನೆಂಬ ಕೊರಗ ಹುಡುಗನೇ ಕೊರಗಜ್ಜನೆಂಬ ದೈವವಾಗಿ ಊರೂರಲ್ಲಿ ಕಟ್ಟೆ ಪಡೆದ. ಅವನ ಕುಲದವರು ಕಟ್ಟೆ ಹತ್ತಿರದ ಮನೆಯಲ್ಲಿ ಬಾಡಿಗೆಗೆ ರೂಮು ಕೇಳಿ ನೋಡಲಿ.

ಮತ್ತೆ ಭೂಮಿಗೆ ಬರೋಣ, ವಿಷಯದ ಗಂಟು ಇರುವುದು ಅಲ್ಲಿ.

ದೇವರಾಜ ಅರಸು ಕಾಲದ ಭೂಸುಧಾರಣೆ ಅವಿಭಜಿತ ದಕ್ಷಿಣ ಕನ್ನಡದಷ್ಟು ಫಲ ಕೊಟ್ಟ ಜಿಲ್ಲೆಗಳು ಕಡಿಮೆ. 1974ರ ತಿದ್ದುಪಡಿಯ ನಂತರ ಏಳನೇ ನಂಬ್ರ ಫಾರಂನಲ್ಲಿ ‘ಡಿಕ್ಲರೇಶನ್’ ಹಾಕಿದ ಗೇಣಿದಾರರು ಸಾಲುಸಾಲಾಗಿ ಒಡೆಯರಾದರು. ಇಂದು ಕುಂದಾಪುರ ಸೀಮೆಯಲ್ಲಿ ತೆಂಗು, ಅಡಿಕೆ, ಮಕ್ಕಳ ಇಂಜಿನಿಯರಿಂಗ್ ಸೀಟು, ಬೆಂಗಳೂರಿನ ಹೋಟೆಲು ಎಂದು ಏಳಿಗೆ ಕಂಡ ಎಷ್ಟೋ ಮನೆಗಳ ಕತೆ ಆ ಏಳನೇ ನಂಬ್ರ ಫಾರಂನಿಂದ ಶುರುವಾಗುತ್ತದೆ. ಆದರೆ ಡಿಕ್ಲರೇಶನ್ ಹಾಕಬೇಕಾದರೆ ಗೇಣಿದಾರನಾಗಿರಬೇಕು. ಕೊರಗರು ಚಾಲಗೇಣಿಯೂ ಅಲ್ಲ, ಮೂಲಗೇಣಿಯೂ ಅಲ್ಲ. ಹಾಡಿಯ ಅಂಚಿನಲ್ಲಿ ಸೊಪ್ಪಿನ ಕೊಪ್ಪ ಕಟ್ಟಿಕೊಂಡು ಇದ್ದವರು. ಭೂಮಿ ಉಳುವವನಿಗೆ ಹೋಯಿತು. ಉಳುವ ಅವಕಾಶವೂ ಸಿಗದವರಿಗೆ ಏನು ಎಂದು ಆ ಕಾಯ್ದೆ ಕೇಳಲಿಲ್ಲ.

ಆಮೇಲೆ ಬಂದದ್ದು ಅಕ್ರಮ–ಸಕ್ರಮ. ಸರ್ಕಾರಿ ಜಾಗ ಒತ್ತಿ ಬೇಸಾಯ ಮಾಡಿದವರಿಗೆ ಪಟ್ಟೆ ಕೊಡುವ ವ್ಯವಸ್ಥೆ. ಒತ್ತುವರಿ ಮಾಡಲೂ ಒಂದಿಷ್ಟು ಬಲ ಬೇಕು. ಬೇಲಿ ಹಾಕಿದರೆ ಕೀಳದಿರುವಷ್ಟು ನೆರೆಹೊರೆ ಬೇಕು, ಗ್ರಾಮಕರಣಿಕರ ಎದುರು ಕುರ್ಚಿ ಎಳೆದು ಕೂರುವ ಧೈರ್ಯ ಬೇಕು. ಇನ್ನು ಕುಮ್ಕಿ. ವರ್ಗ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲು ತರುವ ಸವಲತ್ತು ಜಮೀನು ಇದ್ದವರಿಗೆ ಬ್ರಿಟಿಷರ ಕಾಲದಿಂದ ಇದೆ. ಜಮೀನು ಇದ್ದವನಿಗೆ ಇನ್ನಷ್ಟು ಜಾಗದ ಅನುಭೋಗ, ಇಲ್ಲದವನಿಗೆ ಅದೂ ಇಲ್ಲ. ಕೊರಗರಿಗೆಂದು ಸರ್ಕಾರಿ ಜಾಗ ಗುರುತಿಸಲು ಸರ್ವೆಯವರು ಹೋದಾಗ ‘ಇದು ನಮ್ಮ ಕುಮ್ಕಿ’ ಎಂಬ ಆಕ್ಷೇಪ ಏಳುವುದು ಈ ಕಾರಣಕ್ಕೆ.

ಇದಕ್ಕೆ ಉತ್ತರವೂ ಇದೇ ನೆಲದ ದಾಖಲೆಯಲ್ಲಿದೆ. ಅದರ ಹೆಸರು ಡಿಸಿ ಮನ್ನಾ. ಬ್ರಿಟಿಷ್ ಆಡಳಿತದಲ್ಲಿ ದಮನಿತ ವರ್ಗದವರಿಗೆಂದು ತೆಗೆದಿರಿಸಿದ ಭೂಮಿ ಅದು. ಡಿಸಿ ಎಂದರೆ ಡೆಪ್ಯುಟಿ ಕಮಿಷನರ್ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಉಡುಪಿ, ದಕ್ಷಿಣ ಕನ್ನಡದ ಹಲವು ಗ್ರಾಮಗಳ ಲೆಕ್ಕದಲ್ಲಿ ಇಂಥ ಜಾಗ ಇದೆ. ನೆಲದ ಮೇಲೆ ನೋಡಿದರೆ ಕೆಲವು ಕಡೆ ಬೇರೆಯವರ ತೋಟ, ಕೆಲವು ಕಡೆ ಸರ್ಕಾರದ್ದೇ ಕಟ್ಟಡ. ದಲಿತ ಸಂಘಟನೆಗಳು ಮತ್ತು ಕೊರಗರು ದಶಕಗಳಿಂದ ಈ ಜಾಗ ಬಿಡಿಸಿ ಹಂಚಿ ಎನ್ನುತ್ತಿದ್ದಾರೆ.

1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಭೂಮಿಗಾಗಿ ಮೆರವಣಿಗೆ ಹೊರಟರು. ಆಗ ಉಡುಪಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಬೈಂದೂರು, ಬ್ರಹ್ಮಾವರ ತಾಲೂಕುಗಳೂ ಆಗಿರಲಿಲ್ಲ. ಪೇಟೆಯ ಗಟಾರ ಗುಡಿಸುವವರು ಎಂದಷ್ಟೇ ಗೊತ್ತಿದ್ದ ಜನ ಘೋಷಣೆ ಕೂಗುತ್ತ ರಸ್ತೆ ತುಂಬಿ ನಡೆದದ್ದನ್ನು ಮಂಗಳೂರು ಅದೇ ಮೊದಲು ಕಂಡಿತು ಎನ್ನಬಹುದು. ಆ ದಿನವನ್ನು ಅವರು ಇಂದಿಗೂ ವರ್ಷವರ್ಷ ‘ಭೂಮಿ ಹಬ್ಬ’ವಾಗಿ ಆಚರಿಸುತ್ತಾರೆ. ಮರುವರ್ಷ, 1994ರಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಡಾ. ಮಹಮ್ಮದ್ ಪೀರ್ ಅವರ ವರದಿ ಬಂತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಬೇಸಾಯದ ಭೂಮಿ ಕೊಡಬೇಕು ಎಂದು ಅದು ಹೇಳಿತು. ಎರಡೂವರೆ ಎಕರೆ ಎಂದರೆ 250 ಸೆಂಟ್ಸ್. ಸರ್ಕಾರದಿಂದ ಸಾಮಾನ್ಯವಾಗಿ ಸಿಕ್ಕುತ್ತ ಬಂದದ್ದು ಕೆಲವೇ ಸೆಂಟ್ಸ್‌ನ ಮನೆ ನಿವೇಶನ. ಕೆಲವು ಕುಟುಂಬಗಳಿಗೆ ಹೋರಾಟದಿಂದ ಭೂಮಿ ಸಿಕ್ಕಿದೆ, ಅಲ್ಲಿ ಮಲ್ಲಿಗೆ, ಗೇರು, ತರಕಾರಿ ಬೆಳೆಯುತ್ತಿದ್ದಾರೆ. ವರದಿ ಪೂರ್ತಿ ಜಾರಿ ಮಾಡಿ ಎಂಬ ಬೇಡಿಕೆ ಮಾತ್ರ ಮೂವತ್ತು ವರ್ಷ ದಾಟಿಯೂ ಮನವಿಪತ್ರಗಳಲ್ಲೇ ಇದೆ.

ಸರ್ಕಾರ ಏನೂ ಮಾಡುತ್ತಿಲ್ಲ ಎಂದರೆ ತಪ್ಪಾಗುತ್ತದೆ. ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ (ಐಟಿಡಿಪಿ) ಇದೆ. ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆಯ ಪೌಷ್ಟಿಕ ಆಹಾರ ಬರುತ್ತದೆ. 2023ರ ನವೆಂಬರ್ 15ರಂದು ಪ್ರಧಾನಿ ಘೋಷಿಸಿದ ಪಿಎಂ ಜನ್‌ಮನ್ ಯೋಜನೆ 24,104 ಕೋಟಿ ರೂಪಾಯಿಯದು, ಈ 75 ಸಮುದಾಯಗಳಿಗೆಂದೇ ಮೀಸಲು. ಮನೆ, ರಸ್ತೆ, ನೀರು, ವಿದ್ಯುತ್ತು ಎಲ್ಲ ಅದರಲ್ಲಿದೆ, ಬೇಸಾಯದ ಭೂಮಿ ಇಲ್ಲ. ನನಗೆ ಇದರಲ್ಲಿ ಒಂದು ಹಳೆಯ ಚಾಳಿಯ ವಾಸನೆ ಬರುತ್ತದೆ. ಕೊಡುವವರು ನಾವು, ಪಡೆಯುವವರು ನೀವು. ಕಿಟ್ಟು ಹಿಡಿದು ಫೋಟೋಕ್ಕೆ ನಿಲ್ಲುವುದಕ್ಕೂ ಪಹಣಿ ಕೈಯಲ್ಲಿ ಹಿಡಿದು ಸೊಸೈಟಿಯಲ್ಲಿ ಬೆಳೆಸಾಲ ಕೇಳುವುದಕ್ಕೂ ಇರುವ ವ್ಯತ್ಯಾಸ ಈ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭೂಮಿಯ ಜೊತೆಗೇ ಕಾಡು. ಕೊರಗರ ಕುಲಕಸುಬು ಬುಟ್ಟಿ ಹೆಣೆಯುವುದು. ಹೆಡಿಗೆ, ಗೆರಸಿ, ಅನ್ನ ಬಸಿಯುವ ಸಿಬ್ಬಲು, ಕೋಳಿ ಮುಚ್ಚುವ ಗೂಡು. ನಮ್ಮ ಅಡುಗೆಮನೆ, ಅಂಗಳ, ಗದ್ದೆಗೆ ಬೇಕಾದ ಅರ್ಧ ಸಾಮಾನು ಅವರ ಕೈಯಿಂದಲೇ ಬರುತ್ತಿತ್ತು. ಮುಟ್ಟಬಾರದವರು ಹೆಣೆದ ಗೆರಸಿಯಲ್ಲಿ ಅಕ್ಕಿ ಕೇರಿದರೆ ಮೈಲಿಗೆಯಾಗುತ್ತಿರಲಿಲ್ಲ! ಪ್ಲಾಸ್ಟಿಕ್ ಬಂದು ಮಾರುಕಟ್ಟೆ ಕಿತ್ತುಕೊಂಡಿತು, ಅದು ಒಂದು ಕಡೆ. ಕಚ್ಚಾಮಾಲು ಬಿದಿರು, ಬೆತ್ತ, ಕಾಡುಬೀಳು. ಅವು ಇರುವುದು ಘಟ್ಟದ ಬುಡದ ಕಾಡಿನಲ್ಲಿ. ಕೊಲ್ಲೂರಿನ ಸುತ್ತ 1974ರಲ್ಲೇ ಮೂಕಾಂಬಿಕಾ ಅಭಯಾರಣ್ಯವಾಯಿತು, ಅದೇ ವರ್ಷ ಸೋಮೇಶ್ವರವೂ. ಉಳಿದದ್ದು ಮೀಸಲು ಅರಣ್ಯ, ಇಲ್ಲವೇ ಡೀಮ್ಡ್ ಫಾರೆಸ್ಟ್. ಬೀಳು ಕೊಯ್ಯಲು ಹೋದವರು ಕಳ್ಳರಂತೆ ಹೋಗಿಬರಬೇಕಾದ ಸ್ಥಿತಿ.

2006ರ ಅರಣ್ಯ ಹಕ್ಕು ಕಾಯ್ದೆ ಈ ಲೆಕ್ಕವನ್ನು ತಿರುಗಿಸಿ ಬರೆದದ್ದು. ಬಿದಿರು, ಬೆತ್ತ, ಜೇನು ಎಲ್ಲ ಕಿರು ಅರಣ್ಯ ಉತ್ಪನ್ನ, ಅದನ್ನು ಸಂಗ್ರಹಿಸಿ ಮಾರುವ ಹಕ್ಕು ಕಾಡಿನವರದ್ದು ಎಂದು ಅದರಲ್ಲಿದೆ. ಕೊರಗರಂಥ ಸಮುದಾಯಗಳಿಗೆ ತಮ್ಮ ಪಾರಂಪರಿಕ ನೆಲೆಯ ಮೇಲಿನ ಸಾಮೂಹಿಕ ಹಕ್ಕನ್ನೂ ಅದು ಬೇರೆಯೇ ಹೇಳುತ್ತದೆ. ಕರ್ನಾಟಕದಲ್ಲಿ ಈ ಕಾಯ್ದೆಗೆ ಇನ್ನಷ್ಟು ತೂಕವಿದೆ, ಯಾಕೆಂದರೆ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ನಮ್ಮ ರಾಜ್ಯದಲ್ಲಿ ಒಂದೂ ಇಲ್ಲ. ಜಾರ್ಖಂಡ್, ಒಡಿಶಾದ ಬುಡಕಟ್ಟು ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆ ಕೊಟ್ಟ ಅಧಿಕಾರ ಇಲ್ಲಿಯವರಿಗೆ ಸಿಗುವುದಿಲ್ಲ.

ಇನ್ನು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಮಾತಿಗೆ ಬಂದರೆ ಕುಡುಬಿಯರನ್ನು ನೆನೆಯಲೇಬೇಕು. ಬಾರ್ಕೂರು, ಮಂದಾರ್ತಿ ಕಡೆ ಹೋಳಿ ಹಬ್ಬಕ್ಕೆ ಗುಮಟೆ ಹಿಡಿದು ಮನೆಮನೆಗೆ ಬರುವವರು. ಗೋವಾದಿಂದ ಬಂದು, ಮನೆಯಲ್ಲಿ ಕೊಂಕಣಿ ಉಳಿಸಿಕೊಂಡು, ಕಾಡಿನಲ್ಲಿ ಕುಮರಿ ಬೇಸಾಯ, ಕಾಚು ತಯಾರಿಕೆ ಮಾಡಿ ಬದುಕಿದವರು. 1860ರಲ್ಲಿ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿದಾಗ ಅವರ ಬದುಕೂ ಬುಡಮೇಲಾಯಿತು. ಗೋವಾದಲ್ಲಿ ಕುಣಬಿ, ಗಾವಡಾ, ವೇಳಿಪರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಇಲ್ಲಿನ ಕುಡುಬಿಯರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲೇ ಇದ್ದು ಮನವಿ ಕೊಡುತ್ತಿದ್ದಾರೆ. ಗಡಿಯಾಚೆ ಕಾಸರಗೋಡಿನ ಮರಾಟಿಗರನ್ನು ಒಮ್ಮೆ ಪಟ್ಟಿಯಿಂದ ತೆಗೆದು, ಸುಮಾರು ಹತ್ತು ವರ್ಷ ಕಳೆದು ಮತ್ತೆ ಸೇರಿಸಿದರು. ಮನುಷ್ಯರು ಬದಲಾಗಿರಲಿಲ್ಲ, ಗೆಜೆಟ್ ಬದಲಾಗಿತ್ತು.

ಏಷ್ಯಾದ ಉಳಿದ ಕಡೆ ಏನಾಗಿದೆ ಎಂದು ನೋಡಿದರೆ ನಾಚಿಕೆಯೂ ಆಗುತ್ತದೆ, ಸಮಾಧಾನವೂ ಆಗುತ್ತದೆ. ಫಿಲಿಪ್ಪೀನ್ಸ್ 1997ರಲ್ಲೇ ಮೂಲನಿವಾಸಿಗಳ ಪೂರ್ವಿಕ ಭೂಮಿಯ ಹಕ್ಕಿಗೆ ಕಾನೂನು ಮಾಡಿತು. ಇಂಡೊನೇಷ್ಯಾದ ಸಂವಿಧಾನ ನ್ಯಾಯಾಲಯ 2013ರಲ್ಲಿ, ಬುಡಕಟ್ಟುಗಳ ಪಾರಂಪರಿಕ ಕಾಡು ಸರ್ಕಾರದ ಕಾಡಲ್ಲ ಎಂದಿತು. ತೈವಾನಿನ ಅಧ್ಯಕ್ಷೆ ತ್ಸಾಯ್ ಇಂಗ್‌ವೆನ್ 2016ರ ಆಗಸ್ಟ್ 1ರಂದು ಮೂಲನಿವಾಸಿಗಳ ಕ್ಷಮೆ ಕೇಳಿದರು. ಜಪಾನ್ 2019ರಲ್ಲಿ ಐನು ಜನರನ್ನು ಮೂಲನಿವಾಸಿಗಳೆಂದು ಕಾನೂನಿನಲ್ಲಿ ಒಪ್ಪಿಕೊಂಡಿತು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ 144 ದೇಶಗಳು ಮತ ಹಾಕಿದವು, ಭಾರತವೂ ಹಾಕಿತು. ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲನಿವಾಸಿಗಳಾದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ, ಲೆಕ್ಕ ಚುಕ್ತಾ! ಮೂಲನಿವಾಸಿಗಳ ಹಕ್ಕು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಡಂಬಡಿಕೆಗೆ ನಾವಿನ್ನೂ ಅನುಮೋದನೆ ಕೊಟ್ಟಿಲ್ಲ. ನೆರೆಯ ನೇಪಾಳ ಅದನ್ನು 2007ರಲ್ಲೇ ಒಪ್ಪಿದೆ.

ಕೊರಗರ ಹೊಸ ತಲೆಮಾರು ಇದನ್ನೆಲ್ಲ ಓದಿ ತಿಳಿದಿದೆ. ಗುಂಡ್ಮಿಯ ಸಬಿತಾ ಕೊರಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾರೆ. ಪದವಿ, ಸ್ನಾತಕೋತ್ತರ ಮುಗಿಸಿದ ಹುಡುಗ ಹುಡುಗಿಯರು ನೇರ ನೇಮಕಾತಿ ಕೊಡಿ ಎಂದು ಕೇಳುತ್ತಿದ್ದಾರೆ. ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ದೊಡ್ಡ ಸಮುದಾಯಗಳ ಜೊತೆ ಸ್ಪರ್ಧಿಸಿ ಹದಿನೈದು ಸಾವಿರ ಜನರ ಸಮುದಾಯ ಗೆಲ್ಲುವುದು ಸಾಧ್ಯವಿಲ್ಲ ಎಂಬ ಅವರ ವಾದಕ್ಕೆ ಎದುರುತ್ತರ ನನಗೆ ಗೊತ್ತಿಲ್ಲ. ಪೌರಕಾರ್ಮಿಕರ ಕೆಲಸಕ್ಕೆ ಮಾತ್ರ ಇವರನ್ನು ಹುಡುಕಿಕೊಂಡು ಬರುವ ನಮ್ಮ ಪುರಸಭೆಗಳು, ಪಂಚಾಯಿತಿಗಳು ಗುಮಾಸ್ತರ ಕೆಲಸಕ್ಕೂ ಒಮ್ಮೆ ಹುಡುಕಿ ನೋಡಲಿ.

ಈ ಮೂರು ತಾಲೂಕುಗಳಲ್ಲಿ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ತಹಶೀಲ್ದಾರರು ತಮ್ಮ ತಾಲೂಕಿನ ಡಿಸಿ ಮನ್ನಾ ಜಾಗದ ಪಟ್ಟಿಯನ್ನು ಸರ್ವೆ ನಂಬರ್, ವಿಸ್ತೀರ್ಣ, ಈಗ ಯಾರ ಸ್ವಾಧೀನ ಎಂಬ ವಿವರದೊಡನೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಅದರ ಪಕ್ಕದಲ್ಲೇ ಆ ಗ್ರಾಮದ ಭೂರಹಿತ ಕೊರಗ ಕುಟುಂಬಗಳ ಪಟ್ಟಿಯನ್ನೂ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪಟ್ಟಿಗಳ ಬಗ್ಗೆ ಕೇಳುವ ಮೊದಲ ದನಿ ಕೊರಗರದ್ದೇ ಆಗಬೇಕೆಂದಿಲ್ಲ, ಡಿಕ್ಲರೇಶನ್‌ನಿಂದ ಭೂಮಿ ಪಡೆದ ಮನೆಯವರೂ ಕೇಳಬಹುದು.